ಮನೆಗೊಂದು ಸೊಲಿಗೆ ಎಣ್ಣೆ

“ಇದ್ರಲ್ಲಿ ಒಂದಕ್ಷರಾನೂ ಇಲ್ವಲ್ರೀ! ನಮ್ಮ ಮೊಹಲ್ಲಾದ ಚರಂಡಿ ಕೆಲ್ಸ ಬಿಟ್ಟು ಖಾಲಿ ಗರಿ ಕಾಯೋಕೆ ತೆರಿಗೆ ದುಡ್ಡು ಸುರೀಬೇಕಾ?” ಪುರಸಭೆಯ ಉಳಿದ ಸದಸ್ಯರಿಗೆಲ್ಲ ಕಾಣುವಂತೆ ಶಿವಮಲ್ಲಪ್ಪ ತಾಳೆಗರಿಯನ್ನು ಎತ್ತಿ ಹಿಡಿದರು. ಮಂಡಿ ಮೊಹಲ್ಲಾದ ದೊಡ್ಡ ಎಣ್ಣೆ ವ್ಯಾಪಾರಿ ಅವರು. ಹಲವರು ಹೌದೆಂದು ತಲೆಯಾಡಿಸಿದರು.

ಓಲೆಗರಿ ಭಂಡಾರವನ್ನು ನೋಡಿಕೊಳ್ಳುವ ಸಂತಿಯಾಗು ಮುಂದೆ ಬಂದರು. ಮೂವತ್ತು ವರ್ಷ ಗರಿಗಳನ್ನು ಒರೆಸಿ ಒರೆಸಿ ಅವರ ಬೆರಳ ಸಂದುಗಳೆಲ್ಲ ಕಪ್ಪಾಗಿದ್ದವು. ಎಣ್ಣೆಯಲ್ಲಿ ಕಲಸಿದ ದೀಪದ ಮಸಿಯ ಬಟ್ಟಲನ್ನು ಮುಂದಿಟ್ಟು, “ಕಬ್ಬಿಣದ ಕಂಟದಲ್ಲಿ ಕೊರೆದಿರೋದು, ಯಜಮಾನ್ರೇ. ಮಸಿ ಕುಡಿಸಿದ್ರೇನೇ ಕಾಣೋದು. ನೀವೇ ಸವರಿ ನೋಡಿ” ಎಂದರು.

ಶಿವಮಲ್ಲಪ್ಪ ನಗುತ್ತಲೇ ಬಟ್ಟಲಿಗೆ ಕೈ ಅದ್ದಿ ಗರಿಗೆ ಮಸಿ ಉಜ್ಜಿದರು, ಬಟ್ಟೆಯಿಂದ ಒರೆಸಿದರು. ಗರಿಯುದ್ದಕ್ಕೂ ಕಪ್ಪು ಅಕ್ಷರಗಳು ಸಾಲುಸಾಲಾಗಿ ಎದ್ದು ನಿಂತವು. ನಗು ನಿಂತಿತು. ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು: “ಬರದ ವರುಷದಲ್ಲೂ ಊರವರು ಮನೆಗೊಂದು ಸೊಲಿಗೆ ಎಣ್ಣೆ ಕೊಟ್ಟರು. ಆ ದೀಪದ ಬೆಳಕಿನಲ್ಲಿ ಈ ಕಾವ್ಯವ ಬರೆದು ಮುಗಿಸಿದೆನು.”

ಬರಗಾಲದಲ್ಲಿ ಎಣ್ಣೆಯ ಬೆಲೆ ಏನೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಆ ಸಭೆಯಲ್ಲಿರಲಿಲ್ಲ. “ಬರದಲ್ಲೂ ಕೊಟ್ಟವ್ರೆ ಕಣ್ರೀ” ಎಂದಷ್ಟೇ ಹೇಳಿ, ಗರಿಯನ್ನು ಎರಡೂ ಕೈಯಲ್ಲಿ ಸಂತಿಯಾಗು ಅವರಿಗೆ ಒಪ್ಪಿಸಿದರು. ಭಂಡಾರಕ್ಕೆ ಊರಿನ ಹಣ ಕೊಡಬೇಕೆನ್ನುವವರು ಕೈ ಎತ್ತಬೇಕೆಂದು ಅಧ್ಯಕ್ಷರು ಕೇಳಿದರು. ಎಲ್ಲರಿಗಿಂತ ಮೊದಲು ಮೇಲೆದ್ದದ್ದು ಮಸಿ ಮೆತ್ತಿದ ಅಂಗೈ.