ಅಮ್ಮನ ತಟ್ಟೆಯ ಕೋರಿ ರೊಟ್ಟಿ

ಸ್ವಂತ ದುಡಿಮೆಯಲ್ಲಿ ಊರೂರಿನ ಹೋಟೆಲುಗಳ ರುಚಿ ನೋಡಿದವನು ನಾನು. ಆದರೂ ಕೋಳಿ ಸಾರಿನ ಘಮ ಮೂಗಿಗೆ ಬಿದ್ದರೆ ಬಲ್ಮಠದ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಅಲ್ಲಿನ ಒಂದು ಹೋಟೆಲಿನ ಕೋರಿ ರೊಟ್ಟಿಗೆ ಹೆಸರಿತ್ತು. ಅದನ್ನು ತಿನ್ನಲೆಂದೇ ಅಪ್ಪ ನನ್ನನ್ನೂ ಅಮ್ಮನನ್ನೂ ಬೋಳಾರದಿಂದ ಬಸ್ಸಿನಲ್ಲಿ ಕರೆತಂದಿದ್ದರು. ಬಡಿಸುವವನು ಮೂವರ ತಟ್ಟೆಯಲ್ಲೂ ಹಾಳೆಯಂತೆ ತೆಳ್ಳಗಿನ ಒಣ ರೊಟ್ಟಿಯ ಮೇಲೆ ಕೆಂಪು ಕೋಳಿ ಸಾರು ಸುರಿದ. ನಾನೂ ಅಪ್ಪನೂ ತಿನ್ನತೊಡಗಿದೆವು. ಅಮ್ಮ ಮಾತ್ರ ಮಡಿಲಲ್ಲಿ ಕೈಯಿಟ್ಟುಕೊಂಡು ನಮ್ಮ ತಟ್ಟೆಗಳನ್ನೇ ನೋಡುತ್ತಿದ್ದಳು.

"ಎಂತ ಅಕ್ಕ, ಸಾರು ಸರಿ ಇಲ್ವಾ?" ಬಡಿಸುವವನು ಕೇಳಿದ.

"ಹಾಗೆಂತ ಇಲ್ಲ. ಇವರದ್ದು ಆಗ್ಲಿ, ಮತ್ತೆ ತಿನ್ತೇನೆ," ಎಂದಳು ಅಮ್ಮ. ಮನೆಯಲ್ಲಿ ಅವಳ ಕ್ರಮ ಅದೇ. ನಮ್ಮದಾದ ಮೇಲೆ, ಸಾರಿನಲ್ಲಿ ನೆನೆದು ಉಳಿದದ್ದೇ ಅವಳ ಊಟ.

ಅವನು ನಕ್ಕ. "ಅಷ್ಟರಲ್ಲಿ ಅದು ಗಂಜಿ ಆಗ್ತದೆ ಅಕ್ಕ."

ಅಪ್ಪ ತಟ್ಟೆಯಿಂದ ಕೈ ತೆಗೆದರು. ನನ್ನ ಕೈಯನ್ನೂ ತಡೆದರು. "ನೀನು ಶುರು ಮಾಡು ಮಾರಾಯ್ತಿ. ಅಲ್ಲಿವರೆಗೆ ನಮಗೂ ಬೇಡ."

ಅಮ್ಮ ಸುತ್ತ ನೋಡಿ, ಸೆರಗು ಸರಿಮಾಡಿಕೊಂಡು, ಸಾರು ತಾಗದ ಅಂಚನ್ನು ಮುರಿದು ಬಾಯಿಗಿಟ್ಟಳು. ಕರುಮ್ಮೆಂದಿತು.

"ಮನೆಯಲ್ಲಿ ನೀವು ತಿನ್ನುವಾಗಲೂ ಹೀಗೇ ಗರಿಗರಿ ಇರ್ತದಾ?" ಎಂದು ಕೇಳಿದಳು.

ಅಪ್ಪ ತಮ್ಮ ತಟ್ಟೆಯಲ್ಲಿ ಸಾರು ತಾಗದೆ ಉಳಿದಿದ್ದ ಒಣ ರೊಟ್ಟಿಯನ್ನು ಅವಳ ತಟ್ಟೆಗೆ ಹಾಕಿದರು.