ಬೆಟ್ಟದ ಮೇಲಿನ ನೀಲಿ ಜೀಪು

ಬಸ್ಸು ತಿರುವು ದಾಟುತ್ತಲೇ ದೂರದ ಬೆಟ್ಟದ ತುದಿಯಲ್ಲಿ ಖಗೋಳ ವೀಕ್ಷಣಾಲಯದ ಬಿಳಿ ಗುಮ್ಮಟ ಕಾಣಿಸಿತು. ಅವಳು ಹೊಸ ತಾಳಿಯನ್ನು ಸೆರಗಿನೊಳಗೆ ಮರೆಸಿಕೊಂಡಳು.

"ಬೇಗ ಒಂದು ಫೋಟೊ ತೆಗಿ. ಅಣ್ಣ ಕೆಲಸ ಮಾಡೋದು ಅಲ್ಲೇ. ಅವನ ಜೀಪು ಇದೆಯಾ ನೋಡ್ಬೇಕು, ಇದ್ರೆ ಅವನಿನ್ನೂ ನಮ್ಮ ಹಿಂದೆ ಬಂದಿಲ್ಲ ಅಂತ."

ಪಕ್ಕದಲ್ಲಿ ಕೂತಿದ್ದ ಗಂಡ ಕಿಟಕಿಯಾಚೆ ಮೊಬೈಲು ಚಾಚಿ ಫೋಟೊ ತೆಗೆದ. ಬೆರಳಿನಿಂದ ಹಿಗ್ಗಿಸಿ ನೋಡಿದ. ಗುಮ್ಮಟದ ಪಕ್ಕದಲ್ಲಿ ಒಂದು ನೀಲಿ ಚುಕ್ಕೆಯಿತ್ತು.

"ಇದೆ ನೋಡು, ನೀಲಿ ಜೀಪು. ಇಷ್ಟಕ್ಕೆಲ್ಲ ಯಾಕೆ ನಡುಗ್ತೀಯ?"

"ನಿಂಗೆ ಅವನು ಗೊತ್ತಿಲ್ಲ. ನಮ್ಮಕ್ಕ ಓಡಿಹೋಗಿ ಮದುವೆಯಾದ ಹುಡುಗನ ಸುಳಿವು ಇವತ್ತಿಗೂ ಇಲ್ಲ."

ಅವನು ಮತ್ತೊಮ್ಮೆ ಫೋಟೊ ನೋಡಿದ. "ರಾತ್ರಿಯೆಲ್ಲ ನಕ್ಷತ್ರ ನೋಡೋನು ಈ ಹೊತ್ತಲ್ಲಿ ಎಲ್ಲಿ ಎದ್ದಿರ್ತಾನೆ, ಬಿಡು."

"ಅದೂ ನಿಜ. ಬೆಳಕು ಬೀಳಬಾರದು ಅಂತ ಮುಖದ ಮೇಲೆ ಟವೆಲ್ ಹಾಕ್ಕೊಂಡು ಸಂಜೆವರೆಗೂ ಮಲಗಿರ್ತಾನೆ."

ಮನೆ ಬಿಟ್ಟ ಮೇಲೆ ಅವಳು ಮೊದಲ ಸಲ ನಕ್ಕಳು. ಅವನ ಹೆಗಲಿಗೆ ತಲೆಯಾನಿಸಿದಳು.

ಬಸ್ಸು ಗುಂಡಿಗಿಳಿದು ಎಗರಿತು. ಹಿಂದಿನ ಸೀಟಿನಲ್ಲಿ ಮಲಗಿದ್ದವನು ಮುಖದ ಮೇಲಿನ ಟವೆಲ್ ತೆಗೆದ.

"ಜೀಪು ಕೆಟ್ಟು ನಿಂತಿದೆ ಪುಟ್ಟಿ. ಅದಕ್ಕೇ ಬಸ್ಸಿಗೆ ಬಂದೆ."