ನಾಮಿನಿ

ಗಂಡ ಸ್ನಾನಕ್ಕೆ ಹೋಗಿದ್ದಾಗ ಅವನ ಫೋನ್ ರಿಂಗಾಯಿತು. ಎತ್ತಿದರೆ ಹೆಣ್ಣಿನ ದನಿ. ಮದುವೆಯಾಗಿ ಹನ್ನೆರಡು ವರ್ಷವಾಗಿದ್ದರೂ ಆ ಫೋನಿಗೆ ಯಾವ ಹೆಂಗಸು ಕರೆ ಮಾಡಿದರೂ ವಿಮಲಾಕ್ಷಿ ಅವಳು ಯಾರೆಂದು ಕೆದಕದೆ ಬಿಡುತ್ತಿರಲಿಲ್ಲ.

"ಬ್ಯಾಂಕಿಂದ ಮಾತಾಡ್ತಿದೀನಿ ಮೇಡಂ. ಸರ್ ಅವರ ಖಾತೆಗೆ ನಾಮಿನಿ ಬದಲಾಯಿಸಿದಾರೆ. ನಿಮ್ಮ ಹೆಸರು ತೆಗೆದು ಬೇರೆ ಹೆಂಗಸಿನ ಹೆಸರು ಹಾಕಿದಾರೆ. ನಾಳೆ ಅವರಿಗೆ ಏನಾದ್ರೂ ಆದ್ರೆ ಎಲ್ಲಾ ಅವಳಿಗೇ ಹೋಗತ್ತೆ."

"ಯಾರವಳು?"

"ಈಗ ಒಂದು ಒಟಿಪಿ ಬಂದಿರತ್ತೆ. ಅದನ್ನ ಹೇಳಿದ್ರೆ ಹೆಸರು ನೋಡಿ ಹೇಳ್ತೀನಿ."

ಯಾರಿಗೂ ತಿಳಿಸಬಾರದೆಂದು ಆ ಮೆಸೇಜಿನಲ್ಲೇ ಬರೆದಿತ್ತು. ವಿಮಲಾಕ್ಷಿ ಆರೂ ಅಂಕಿಗಳನ್ನು ಬಿಡಿಬಿಡಿಯಾಗಿ ಓದಿ ಹೇಳಿದಳು. ಆ ಕಡೆಯವಳು ಫೋನ್ ಇಟ್ಟುಬಿಟ್ಟಳು. ಗಂಡ ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಖಾತೆ ಖಾಲಿಯಾಗಿತ್ತು.

ಠಾಣೆಯಲ್ಲಿ ಮಹಿಳಾ ಎಸ್ಸೈ ದೂರು ಬರೆದುಕೊಂಡು ನಿಟ್ಟುಸಿರುಬಿಟ್ಟರು. "ಇದೇ ಸುಳ್ಳು ನಂಬಿ ಈ ವಾರ ಬಂದವರಲ್ಲಿ ನೀವು ನಾಲ್ಕನೆಯವರಮ್ಮ. ಯಾವ ಹೆಂಗಸೂ ಇಲ್ಲ, ಏನೂ ಇಲ್ಲ."

ದುಡ್ಡು ಹೋದ ಸಂಕಟದಲ್ಲೂ ವಿಮಲಾಕ್ಷಿಗೆ ಹೋದ ಜೀವ ಬಂದಂತಾಯಿತು. "ತಪ್ಪಾಯ್ತು ಕಣ್ರೀ" ಎಂದು ಗಂಡನ ಕೈ ಹಿಡಿದುಕೊಂಡಳು.

ಖಾತೆಗೆ ತಡೆ ಹಾಕಿಸಲು ಅವನು ಅಲ್ಲಿಂದಲೇ ಬ್ಯಾಂಕಿಗೆ ಫೋನ್ ಮಾಡಿದ. ಎಸ್ಸೈ ಹೇಳಿದಂತೆ ಸ್ಪೀಕರ್ ಹಾಕಿದ.

"ಮಾತಾಡ್ತಿರೋದು ನೀವೇ ಅಂತ ಖಾತ್ರಿ ಮಾಡ್ಕೋಬೇಕು ಸರ್. ನಿಮ್ಮ ನಾಮಿನಿ ಹೆಸರು ಹೇಳಿ."

ಗಂಡ ಸ್ಪೀಕರ್ ಆರಿಸಿ ಹೆಂಡತಿಯ ಕಡೆ ತಿರುಗಿದ. "ನೀನು ಸ್ವಲ್ಪ ಹೊರಗೆ ಕೂತಿರು."